ಬ್ಯಾಟರಿ ಸತ್ತರೆ ಯಂತ್ರವೂ ಸಾಯಬೇಕಾ?

ಮಿಕ್ಸಿಯ ಕಪ್ಲರ್ ಗೊತ್ತಲ್ವಾ? ಜಾರ್ ಕೂರುವ ಜಾಗದಲ್ಲಿ ಹಲ್ಲುಹಲ್ಲಾಗಿರುವ ಆ ಸಣ್ಣ ತುಂಡು. ಜಾರ್ ತುಂಬಾ ಅಕ್ಕಿ ಹಾಕಿ ರುಬ್ಬಿದರೆ ಮೊದಲು ಸವೆಯುವುದು ಅದು, ಮೋಟರ್ ಉಳಿಯುತ್ತದೆ. ಊರಿನ ಯಾವ ರಿಪೇರಿ ಅಂಗಡಿಗೆ ಹೋದರೂ ಹತ್ತು ನಿಮಿಷದಲ್ಲಿ ಹೊಸದು ಹಾಕಿಕೊಡ್ತಾರೆ. ಮಿಕ್ಸಿ ಮಾಡಿದವರು ಸವೆಯುವ ಭಾಗ ಯಾವುದು ಅಂತ ಮೊದಲೇ ಯೋಚಿಸಿ, ಅದನ್ನು ಬದಲಿಸುವ ದಾರಿಯನ್ನೂ ಇಟ್ಟಿದ್ದರು.

ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ. ಲಿಥಿಯಂ ಬ್ಯಾಟರಿಯೂ ಕಪ್ಲರ್‌ನಂತೆ ಸವೆಯುವ ವಸ್ತು. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ತೆಗೆಯಲೇ ಬಾರದ ಅಂಗವೇನೋ ಎಂಬಂತೆ ಹಿಡಿಯ ಒಳಗೆ ಹುದುಗಿಸಿಬಿಟ್ಟಿರ್ತಾರೆ. ಗೋಡೆಗೆ ಸಿಕ್ಕಿಸುವ ಹಳೇ ಮಾದರಿಯ ವೈರ್ ಹದಿನೈದು ವರ್ಷ ಬಾಳುತ್ತಿತ್ತು. ವೈರ್ ಹೋಯಿತು ಅಂತ ನಾವು ಖುಷಿಪಟ್ಟೆವು, ಅದರ ಜಾಗಕ್ಕೆ ಬಂದದ್ದು ಕೆಲವೇ ವರ್ಷದ ಆಯುಸ್ಸಿನ ಬ್ಯಾಟರಿ.

ಜುಫೈರಿನಲ್ಲಿ ಈ ಆಯುಸ್ಸು ಇನ್ನೂ ಕಮ್ಮಿ. ಶಮಾಲ್ ಗಾಳಿ ಬೀಸಿದ ಮರುದಿನ ಹದಿನೈದನೇ ಮಹಡಿಯ ಫ್ಲಾಟಿನಲ್ಲೂ ಬಾಲ್ಕನಿ ಬಾಗಿಲ ಸಂದಿಯಿಂದ ಹಿಟ್ಟಿನಂಥ ಧೂಳು ಬಂದು ಕೂತಿರುತ್ತದೆ. ನಮ್ಮ ಕರಾವಳಿಯ ಹಿಡಿಸೂಡಿಗೆ ಅದು ಬಗ್ಗುವುದಿಲ್ಲ, ಗುಡಿಸಿದಷ್ಟೂ ಎದ್ದು ಮತ್ತೆ ಕೂರುತ್ತದೆ. ಹಾಗಾಗಿ ಮಷಿನ್ ದಿನಾ ಓಡುತ್ತದೆ, ಅದೂ ಮ್ಯಾಕ್ಸ್ ಮೋಡಿನಲ್ಲಿ. ಹೆಚ್ಚು ಕರೆಂಟ್ ಎಳೆದಷ್ಟೂ ಸೆಲ್ ಬಿಸಿಯಾಗುತ್ತದೆ. ಆಮೇಲೆ ಅದನ್ನು 40 ಡಿಗ್ರಿ ದಾಟುವ ಬಾಲ್ಕನಿಯಲ್ಲೋ ಎಸಿ ಇಲ್ಲದ ಸ್ಟೋರ್ ರೂಮಿನಲ್ಲೋ ಚಾರ್ಜಿಗೆ ತೂಗುಹಾಕ್ತೇವೆ. ಬಿಸಿ ಮತ್ತು ಸದಾ ತುಂಬಿದ ಚಾರ್ಜ್, ಲಿಥಿಯಂಗೆ ಇವೆರಡೂ ಆಗಿಬರುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಇದು ಇರುತ್ತದೆ, ಕೊನೇ ಪುಟಗಳಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಹಾಳಾದ ಮೇಲೆ ಅಂಗಡಿಗೆ ಹೋದರೆ? ನನಗೆ ಸಿಕ್ಕ ಉತ್ತರ, "ಬ್ಯಾಟರಿ ಯಾಕೆ ಸರ್, ಹೊಸ ಮಷಿನ್ನೇ ತಗೊಳ್ಳಿ, ಆಫರ್ ಇದೆ." ಸಂಬಳದ ದಿನ ಲೆಕ್ಕ ಹಾಕಿ ಬದುಕುವವರಿಗೆ ಇದು ಸಲಹೆಯೇ ಅಲ್ಲ. ಮೋಟರ್, ಬ್ರಷ್, ಪೈಪ್ ಎಲ್ಲಾ ಗಟ್ಟಿಮುಟ್ಟಾಗಿರುವ ಯಂತ್ರವನ್ನು ಎಸೆಯಲು ಮನಸ್ಸೂ ಬರುವುದಿಲ್ಲ. ಕೆಲಸ ಮುಗಿಸಿ ಊರಿಗೆ ಹೋಗುವವರು ಸಾಮಾನು ಮಾರುವಾಗ ಎರಡು ಮೂರು ದಿನಾರಿಗೆ ಕೊಟ್ಟುಬಿಡುವ ವ್ಯಾಕ್ಯೂಮ್‌ಗಳಲ್ಲಿ ಅನೇಕಕ್ಕೆ ಇರುವ ಕಾಯಿಲೆ ಇದೊಂದೇ.

ಆದರೆ ಮೊದಲು ಕಾಯಿಲೆ ಇದೇ ಹೌದಾ ಅಂತ ನೋಡಬೇಕು. ಮಷಿನ್ ಜರ್ರ್, ನಿಲ್ಲು, ಜರ್ರ್, ನಿಲ್ಲು ಅಂತ ಮಾಡ್ತಿದ್ದರೆ ಬಹುಮಟ್ಟಿಗೆ ಗಾಳಿಯ ದಾರಿ ಕಟ್ಟಿದೆ. ತೊಳೆಯಬಹುದಾದ ಫಿಲ್ಟರ್ ಆದರೆ ತೊಳೆದು, ಪೂರ್ತಿ 24 ಗಂಟೆ ಒಣಗಿಸಿ ಹಾಕಿ. ಬ್ರಷ್‌ಗೆ ಸುತ್ತಿದ ಕೂದಲು ತೆಗೆಯಿರಿ. ಆಮೇಲೆ ಪೂರ್ತಿ ಚಾರ್ಜ್ ಮಾಡಿ ಕಡಿಮೆ ವೇಗದಲ್ಲಿ ಓಡಿಸಿ ಗಡಿಯಾರ ನೋಡಿ. ಹೊಸತರಲ್ಲಿ 40 ನಿಮಿಷ ಓಡಿದ್ದು ಈಗ ಹತ್ತಕ್ಕೇ ನಿಂತರೆ ಅನುಮಾನವೇ ಬೇಡ, ಬ್ಯಾಟರಿ ಮುಗಿದಿದೆ.

ಬೇರೆ ಕಂಪನಿಯ ಬದಲಿ ಬ್ಯಾಟರಿ ಕೊಳ್ಳುವಾಗ ಒಂದು ಲೆಕ್ಕ ಗೊತ್ತಿರಲಿ, ಇದು ಯಾವ ರಿವ್ಯೂಗಿಂತಲೂ ಮೇಲು. 21.6 ವೋಲ್ಟ್ ಅಂತಿದ್ದರೆ ಒಳಗೆ 3.6 ವೋಲ್ಟಿನ ಆರು ಸೆಲ್‌ಗಳು ಒಂದರ ಹಿಂದೊಂದು ಸರಪಳಿಯಂತೆ ಇವೆ. ಹೀಗೆ ಜೋಡಿಸಿದಾಗ ವೋಲ್ಟ್ ಕೂಡುತ್ತದೆ, ಸಾಮರ್ಥ್ಯ ಕೂಡುವುದಿಲ್ಲ, ಅದು ಒಂದು ಸೆಲ್‌ನಷ್ಟೇ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಸೆಲ್ ಒಳ್ಳೆಯದಾದರೂ ಸುಮಾರು 3,500 ಎಂಎಎಚ್‌ವರೆಗೆ ಬರುತ್ತದೆ. ಅಂಥ ಆರೇ ಸೆಲ್ ಹಿಡಿಯುವ ಡಬ್ಬಿಯ ಮೇಲೆ 6,000 ಅಂತ ಬರೆದಿದ್ದರೆ ಅದು ಅಪ್ಪಟ ಸುಳ್ಳು. ಸಂಖ್ಯೆಯಲ್ಲೇ ಸುಳ್ಳು ಹೇಳುವವರು ಒಳಗಿನ ರಕ್ಷಣಾ ಬೋರ್ಡಿನಲ್ಲಿ ನಿಯತ್ತು ತೋರಿಸ್ತಾರಾ? ಕಂಪನಿಯದೇ ಬ್ಯಾಟರಿ ಸಿಗುವುದಾದರೆ ದುಬಾರಿಯಾದರೂ ಅದೇ ವಾಸಿ. ಸೆಲ್ ಕಿತ್ತು ಮನೆಯಲ್ಲೇ ಬೆಸುಗೆ ಹಾಕುವ ಸಾಹಸವಂತೂ ಬೇಡ.

ಊರಿಂದ ಬರುವವರ ಕೈಲಿ ತರಿಸುವುದಾದರೆ ಬಿಡಿ ಬ್ಯಾಟರಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡುವ ಹಾಗಿಲ್ಲ. ಕೈಚೀಲದಲ್ಲೇ ಬರಬೇಕು, ತುದಿಗಳಿಗೆ ಟೇಪ್ ಹಾಕಿ. 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 21.6ನ್ನು 2.8ರಿಂದ ಗುಣಿಸಿದರೆ ಸುಮಾರು 60, ಹಾಗಾಗಿ ಸಾಧಾರಣ ಪ್ಯಾಕ್‌ಗಳಿಗೆ ಈ ತೊಂದರೆ ಇಲ್ಲ.

ಸುಲಭವಾಗಿ ಮಾಡಲು ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ಡೈಸನ್ ಕಂಪನಿಯನ್ನೇ ನೋಡಿ: ಹಳೆಯ ವಿ8ರಲ್ಲಿ ಸ್ಕ್ರೂ ಬಿಚ್ಚಬೇಕು, 2021ರ ವಿ15ರಲ್ಲಿ ಗುಂಡಿ ಒತ್ತಿದರೆ ಬ್ಯಾಟರಿ ಕೈಗೆ ಬರುತ್ತದೆ. ಯುರೋಪಿನಲ್ಲಿ 2023ರ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಬ್ಯಾಟರಿಗಳನ್ನು, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ತೆಗೆದು ಹಾಕುವಂತಿರಬೇಕು. ಬಹ್ರೇನಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಆದರೂ ಅಂಗಡಿಯಲ್ಲಿ ಸಕ್ಷನ್ ಎಷ್ಟು ಅಂತ ಕೇಳುವ ಮೊದಲು "ಬ್ಯಾಟರಿ ಹೇಗೆ ತೆಗೆಯೋದು, ತೋರಿಸಿ" ಅಂತ ಕೇಳಬಹುದು. ಸೇಲ್ಸ್‌ಮನ್ ತಡಕಾಡಿದರೆ ಮುಂದಿನ ಮಾಡೆಲ್ ನೋಡಿ.

ಜುಲೈಯಲ್ಲಿ ಮಕ್ಕಳ ರಜೆಗೆ ಊರಿಗೆ ಹೊರಡುವವರು ಮಷಿನನ್ನು ಚಾರ್ಜರ್‌ನಿಂದ ಇಳಿಸಿ, ಅರ್ಧ ಚಾರ್ಜಿನಲ್ಲಿ, ಬಿಸಿಲು ಬೀಳದ ಒಳಕೋಣೆಯಲ್ಲಿ ಇಟ್ಟು ಹೋಗಿ. ಬದಲಿಸಿದ ಹಳೇ ಬ್ಯಾಟರಿ ಮನೆಯ ಕಸದ ಚೀಲಕ್ಕೆ ಬೇಡ, ಕಸದ ಲಾರಿಯಲ್ಲಿ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ. ತುದಿಗೆ ಟೇಪ್ ಸುತ್ತಿ, ಹಳೇ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಯವರ ಕೈಗೇ ಕೊಡಿ.