ಬೂಟಿಗೂ ಮೊದಲು ಪಂಚಾಂಗ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸುಗಳು ಶನಿವಾರ ಬೆಳಗಾಗುವಷ್ಟರಲ್ಲಿ ಗೋಕರ್ಣದಲ್ಲಿ ಜನ ಇಳಿಸುತ್ತವೆ. ಇಳಿದವರು ಇಡ್ಲಿ ತಿಂದು, ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಬೆನ್ನಚೀಲದ ಬದಿಗೆ ಹಾಡುವ ಸ್ಪೀಕರ್ ಸಿಕ್ಕಿಸಿಕೊಂಡು ಹೊರಡುತ್ತಾರೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್: ನಾಲ್ಕೂ ತೀರಗಳನ್ನು ಮಧ್ಯಾಹ್ನದೂಟದೊಳಗೆ ‘ಮುಗಿಸಿ’, ಬಾಡಿಗೆ ದೋಣಿ ಹತ್ತಿ ವಾಪಸು. ಸಂಜೆ ಸೂರ್ಯಾಸ್ತದ ಫೋಟೊ. ಭಾನುವಾರ ರಾತ್ರಿ ಮತ್ತೆ ಬಸ್ಸು. ಕರಾವಳಿ ಚಾರಣ ಮಾಡಿ ಬಂದೆವು ಎಂದು ಸೋಮವಾರ ಆಫೀಸಿನಲ್ಲಿ ಹೇಳುತ್ತಾರೆ.

ಅವರು ತಿರುಗಿ ಹೋದ ಜಾಗದಿಂದಲೇ ನಡಿಗೆ ರುಚಿಗಟ್ಟುವುದು. ಪ್ಯಾರಡೈಸ್ ತೀರದಾಚೆ ಬೇಲೆಕಾನ, ಅದರಾಚೆ ತದಡಿ ಬಂದರು, ಬಂದರಿನೆದುರು ಅಘನಾಶಿನಿಯ ಅಳಿವೆ. ಹೊಳೆ ದಾಟಿದರೆ ಹೊಳೆಯ ಹೆಸರನ್ನೇ ಹೊತ್ತ ಊರು. ಅಲ್ಲಿಂದ ತೆಂಕಕ್ಕೆ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ, ಕೊನೆಗೆ ಕುಮಟಾ. ತದಡಿಯಲ್ಲಿ ನಡಿಗೆ ನಿಲ್ಲಿಸುವವರು, ಸಂಗೀತ ಕಚೇರಿಯಲ್ಲಿ ತನಿ ಆವರ್ತನ ಶುರುವಾಗುತ್ತಿದ್ದಂತೆ ಕ್ಯಾಂಟೀನಿಗೆ ಎದ್ದು ಹೋಗುವವರ ಪೈಕಿ.

ದಾರಿ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂಬುದನ್ನು ಹೇಳುವ ನಕ್ಷೆಗಳು ಈಗ ಎಲ್ಲರ ಕಿಸೆಯಲ್ಲಿವೆ. ಟೆಂಟು, ಟಾರ್ಚು, ಸನ್‌ಸ್ಕ್ರೀನುಗಳ ಪಟ್ಟಿಯೂ ಬೇಕಾದಷ್ಟು ಸಿಗುತ್ತದೆ. ಯಾರೂ ಹೇಳಿಕೊಡದ ಸಂಗತಿ ಒಂದಿದೆ, ಅದು ಭರತ ಮತ್ತು ಇಳಿತ. ಬೆಟ್ಟದ ಚಾರಣಿಗನಿಗೆ ದಾರಿ ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇರುತ್ತದೆ. ಕಡಲ ದಂಡೆಯ ದಾರಿಗೆ ಆ ಭರವಸೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಆರಾಮಾಗಿ ದಾಟಿದ ಬಂಡೆಯ ಬುಡದಲ್ಲಿ ಮಧ್ಯಾಹ್ನ ಎರಡಕ್ಕೆ ಎದೆಮಟ್ಟ ನೀರು ಬಡಿಯುತ್ತಿರಬಹುದು.

ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ತಡವಾಗುತ್ತದೆ. ಕಾರವಾರ–ಕುಮಟಾ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಭರತ ತುಂಬುವುದು ನಡುಹಗಲಿಗೆ ಸ್ವಲ್ಪ ಮುಂಚೆ, ಹತ್ತು–ಹನ್ನೆರಡು ಗಂಟೆಗಳ ನಡುವೆ. ನೀರು ಪೂರ್ತಿ ಇಳಿಯುವುದು ನಸುಕಿನಲ್ಲಿ, ಮತ್ತೆ ಸಂಜೆ. ಅಲ್ಲಿಂದ ಒಂದೊಂದು ತಿಥಿಗೆ ಮುಕ್ಕಾಲು ಗಂಟೆಯಷ್ಟು ಮುಂದೆ ಹಾಕುತ್ತ ಬಂದರೆ ಚೌತಿ, ಪಂಚಮಿಯ ಹೊತ್ತಿಗೆ ಇಳಿತ ಬೆಳಗಿನ ಎಂಟು–ಒಂಬತ್ತಕ್ಕೆ ಬಂದಿರುತ್ತದೆ. ನಡೆಯುವವನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರಿಲ್ಲ. ಆರಕ್ಕೆ ಹೊರಟರೆ ನೀರು ಇನ್ನೂ ಹಿಂದೆ ಸರಿಯುತ್ತಿರುತ್ತದೆ, ಬಿಸಿಲು ಏರುವಷ್ಟರಲ್ಲಿ ಕಡಲಿಗೆ ಚಾಚಿದ ಕಠಿಣವಾದ ಮೂತಿಬಂಡೆಗಳನ್ನೆಲ್ಲ ದಾಟಿ ಆಗಿರುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತದ ಅಂತರವೇ ಕಡಿಮೆ. ಕಡಲು ಸೌಮ್ಯ, ಆದರೆ ದಂಡೆ ಅಗಲವಾಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಅಂತರ ಅತಿ ಹೆಚ್ಚು.

ಇದು ಅಂದಾಜಿನ ಲೆಕ್ಕ. ಒಂದೇ ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ನಿಖರವಾದ ಹೊತ್ತು ಬೇಕಿದ್ದರೆ ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಭರತದ ಕೋಷ್ಟಕ ಪ್ರಕಟಿಸುತ್ತದೆ. ದೊಡ್ಡ ಅಲೆಗಳ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುತ್ತದೆ. ಆದರೂ ಅಂದಾಜನ್ನು ತಲೆಯಲ್ಲಿ ಇಟ್ಟುಕೊಂಡವನ ಕಣ್ಣಿಗೆ ಕಡಲು ಬೇರೆಯೇ ಕಾಣುತ್ತದೆ. ರಾತ್ರಿ ಚಂದ್ರನನ್ನು ಕಂಡರೆ ಸಾಕು, ನಾಳೆ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದು ಅವನಿಗೆ ಹೊಳೆದುಬಿಡುತ್ತದೆ.

ಏರಿಳಿತ ಇಲ್ಲಿ ಎಷ್ಟು ಮಹಾ ಎಂದು ಕೇಳುವವರಿದ್ದಾರೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರುತ್ತದೆ. ನಮ್ಮಲ್ಲಿ ಜೋರಿನ ದಿನಗಳಲ್ಲೂ ಎರಡು ಮೀಟರಿನ ಆಸುಪಾಸು. ಆದರೆ ದಂಡೆ ಎಷ್ಟು ಇಳಿಜಾರು ಎಂಬುದನ್ನೂ ನೋಡಬೇಕಲ್ಲ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಮರಳಿನಲ್ಲಿ ಎರಡು ಮೀಟರ್ ನೀರು ಇಳಿದರೆ ನೂರು ಮೀಟರ್ ಅಗಲದ ಹೊಸ ನೆಲ ಮೇಲೆ ಬರುತ್ತದೆ. ಆ ನೆಲವೇ ರಸ್ತೆ.

ಆ ರಸ್ತೆಯಲ್ಲಿ ಎಲ್ಲಿ ಕಾಲಿಡಬೇಕು ಎಂಬುದೂ ಒಂದು ವಿದ್ಯೆ. ಮೇಲಿನ ಒಣಮರಳು ಹೆಜ್ಜೆಯನ್ನು ನುಂಗುತ್ತದೆ, ಅರ್ಧ ಗಂಟೆಯಲ್ಲಿ ಮೀನಖಂಡ ಸೋಲುತ್ತದೆ. ಅಲೆ ಆಡುತ್ತಿರುವ ಅಂಚಿನಲ್ಲಿ ಮರಳಿಗೆ ನೀರು ಕುಡಿದು ಸಾಕಾಗಿರುತ್ತದೆ, ಅದೂ ಕುಸಿಯುತ್ತದೆ. ಇವೆರಡರ ನಡುವೆ, ಇಳಿಯುವ ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಪಟ್ಟಿ ಗಟ್ಟಿಯಾಗಿರುತ್ತದೆ, ಸಮತಟ್ಟಾಗಿಯೂ ಇರುತ್ತದೆ. ಭರತದ ಹೊತ್ತಿನಲ್ಲಿ ನಡೆಯುವವನಿಗೆ ಉಳಿಯುವುದು ಮೇಲಿನ ಓರೆ ದಂಡೆ ಮಾತ್ರ. ತೆಂಕಕ್ಕೆ ಹೋಗುವಾಗ ಬಲಗಾಲು ಸದಾ ತಗ್ಗಿನಲ್ಲಿ, ಎಡಗಾಲು ಎತ್ತರದಲ್ಲಿ. ಸಂಜೆಗೆ ಮಂಡಿ ಹಿಡಿಯಿತು ಎನ್ನುವವರು ಬೂಟನ್ನು ಬೈಯುತ್ತಾರೆ, ಹೊರಟ ಹೊತ್ತನ್ನು ಬೈಯಬೇಕಿತ್ತು. ಮರಳಿನ ಕಣ ದಪ್ಪವಾದಷ್ಟೂ ದಂಡೆ ಕಡಿದಾಗುತ್ತದೆ, ನುಣುಪಾದಷ್ಟೂ ಹರವಾಗುತ್ತದೆ. ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿ ನೋಡಿದರೆ ಮುಂದಿನ ಒಂದು ಗಂಟೆ ಹೇಗಿರುತ್ತದೆ ಎಂಬ ಅಂದಾಜು ಸಿಗುತ್ತದೆ.

ಈ ಬರಹಗಾರನಿಗೆ ಭರತ, ಇಳಿತಗಳ ದೀಕ್ಷೆ ಸಿಕ್ಕಿದ್ದು ಪುಸ್ತಕದಿಂದಲ್ಲ. ಬಯಲುಸೀಮೆಯಲ್ಲಿ ಬೆಳೆದವನಿಗೆ ಕಡಲೆಂದರೆ ಅಲೆ ಮತ್ತು ದಿಗಂತ ಅಷ್ಟೇ ಆಗಿದ್ದ ಕಾಲ. ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದು, ಹೊಳೆಯ ನಡುವೆ ಕೆಸರುದಿಬ್ಬಗಳು ಎದ್ದಿದ್ದವು. ಹೆಂಗಸರು ಬಾಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಬುಟ್ಟಿ ತುಂಬಿದವರು ಮೇಲೆ ಬಂದರು. ಅವರಲ್ಲೊಬ್ಬ ವಯಸ್ಸಾದ ಹೆಂಗಸು ಇನ್ನೂ ಫೋಟೊ ತೆಗೆಯುತ್ತಿದ್ದವನನ್ನು ಕೂಗಿ, “ನೀರು ತಿರ್ಗೂ ಹೊತ್ತಾಯ್ತು ತಮಾ, ಮೇಲೆ ಬಾ” ಎಂದಳು. ಆಕೆಯ ಕೈಯಲ್ಲಿ ಗಡಿಯಾರವಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಗಲ್ಲ ಎತ್ತಿ ಲಂಗರು ಹಾಕಿದ್ದ ದೋಣಿಗಳನ್ನು ತೋರಿಸಿದಳು. ಅಷ್ಟು ಹೊತ್ತು ಮೂತಿಯನ್ನು ಹೊಳೆಯ ಮೇಲ್ದಿಕ್ಕಿಗೆ ಇಟ್ಟು ನಿಂತಿದ್ದ ದೋಣಿಗಳು ಅಡ್ಡಡ್ಡ ತೇಲತೊಡಗಿದ್ದವು. ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಕಡಲಿನತ್ತ ಮುಖ ಮಾಡಿದವು. ಲಂಗರು ಹಾಕಿದ ದೋಣಿ ಯಾವಾಗಲೂ ನೀರು ಬರುವ ದಿಕ್ಕಿಗೆ ಮೂತಿ ಮಾಡುತ್ತದೆ. ಇಳಿತದಲ್ಲಿ ನೀರು ಹೊಳೆಯ ಕಡೆಯಿಂದ, ಭರತದಲ್ಲಿ ಕಡಲ ಕಡೆಯಿಂದ. ಅಂದಿನಿಂದ ಈ ಬರಹಗಾರ ಯಾವ ಬಂದರಿಗೆ ಹೋದರೂ ಮೊದಲು ನೋಡುವುದು ದೋಣಿಗಳ ಮೂತಿ.

ಅಳಿವೆಯ ಬಗ್ಗೆ ಇನ್ನೂ ಹೇಳುವುದಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೆಗಳಿಲ್ಲ, ಘಟ್ಟದ ಸಿಹಿನೀರು ತಡೆಯಿಲ್ಲದೆ ಕಡಲಿಗೆ ಬರುತ್ತದೆ. ಭರತ ಉಪ್ಪುನೀರನ್ನು ಒಳನಾಡಿನವರೆಗೆ ತಳ್ಳುತ್ತದೆ. ಈ ಎರಡು ನೀರಿನ ಬೆರಕೆಯ ಮೇಲೆಯೇ ಇಲ್ಲಿನ ಬದುಕು ನಿಂತಿದೆ. ಬಳಚು, ಸಿಗಡಿ, ಏಡಿ ಬೆಳೆಯುವುದು ಇದರಿಂದ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇದರಿಂದ. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಕಟ್ಟುವುದೂ ಭರತದ ನೀರನ್ನು ಒಳಬಿಟ್ಟುಕೊಂಡೇ. 2024ರಲ್ಲಿ 4,801 ಹೆಕ್ಟೇರಿನ ಈ ಅಳಿವೆ ಜೌಗು ನೆಲಗಳ ಜಾಗತಿಕ ರಾಮ್ಸಾರ್ ಪಟ್ಟಿಗೆ ಸೇರಿತು. ನಡಿಗೆಯವನು ಇಲ್ಲಿ ಅರ್ಧ ದಿನ ಕೂತರೂ ಹೊತ್ತು ಹಾಳಾಗುವುದಿಲ್ಲ. ಆದರೆ ಟೂರಿನವರ ವೇಳಾಪಟ್ಟಿಯಲ್ಲಿ ಇದು ದೋಣಿಗೆ ಕಾಯುವ ಹದಿನೈದು ನಿಮಿಷ.

ಹೊಳೆಯ ಮುಂದೆ ಹೀಗೆ ಕಾಯುವುದು ಬೇರೆಡೆಯೂ ಇದೆ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಾಲುದಾರಿ ಮೈನ್‌ಹೆಡ್‌ನಿಂದ ಪೂಲ್ ಬಂದರಿನವರೆಗೆ 1,014 ಕಿಲೋಮೀಟರ್ ಉದ್ದ. ಕಳ್ಳಸಾಗಣೆಯವರ ಮೇಲೆ ಕಣ್ಣಿಡಲು ಕಾವಲುಗಾರರು ಕೊಲ್ಲಿ ಕೊಲ್ಲಿ ಇಣುಕುತ್ತ ತುಳಿದ ದಾರಿ ಅದು. ಅಷ್ಟು ಹೆಸರಾದ, ಊರೂರಿಗೆ ಕೈಮರ ನೆಟ್ಟ ದಾರಿಯಲ್ಲೂ ಡೆವನ್ ಪ್ರಾಂತದ ಅರ್ಮ್ ನದಿಗೆ ಸೇತುವೆಯಿಲ್ಲ, ದೋಣಿಯೂ ಇಲ್ಲ. ಇಳಿತದ ಆಚೀಚೆ ಒಂದೊಂದು ಗಂಟೆ ಪ್ಯಾಂಟು ಮಡಿಸಿ ನೀರಿಗಿಳಿದು ದಾಟಬಹುದು. ಆ ಹೊತ್ತು ತಪ್ಪಿದವರು ಕಾಯಬೇಕು, ಇಲ್ಲವೇ ರಸ್ತೆಯಲ್ಲಿ ಬಹಳ ದೂರ ಸುತ್ತಬೇಕು. ಅಲ್ಲಿನ ನಡಿಗೆಯವರು ಇದನ್ನು ಕೊರತೆ ಎಂದುಕೊಳ್ಳುವುದಿಲ್ಲ, ಅದಕ್ಕಾಗಿಯೇ ದಿನ ಗೊತ್ತುಮಾಡುತ್ತಾರೆ. ಇದನ್ನು ಓದಿ ಅಘನಾಶಿನಿಗೆ ಇಳಿಯುವ ಸಾಹಸ ಬೇಡ. ಇದು ಆಳದ ಹೊಳೆ, ಅರ್ಧ ಇಳಿತದಲ್ಲಿ ಕಡಲಿಗೆ ಎಳೆಯುವ ಸೆಳೆತ ಭಾರಿ. ತದಡಿಯಿಂದ ಬಾರ್ಜ್ ಇದೆ, ಅದನ್ನೇ ಹತ್ತಬೇಕು.

ಬಂಡೆಯ ಬಗ್ಗೆ ಚಿಕ್ಕದಾಗಿ. ಕುಡ್ಲೆಯಿಂದ ಮೊದಲುಗೊಂಡು ದಾರಿಯುದ್ದಕ್ಕೂ ಹತ್ತಿಳಿಯುವ ಗುಡ್ಡಗಳ ನೆತ್ತಿಯಲ್ಲಿ ಕಾಣುವುದು ಚಿರೆಕಲ್ಲು. ಮೇಲೆ ಬಿಸಿಲಿಗೆ ಕಬ್ಬಿಣದಂತೆ ಗಟ್ಟಿ, ಅಡಿಯಲ್ಲಿ ಜೇಡಿಯಂಥ ಮೆದು ಪದರ. ಕಡಲು ಅಡಿಯನ್ನು ಕೆರೆಯುತ್ತದೆ, ಮೇಲಿನದು ಆಧಾರ ತಪ್ಪಿ ಗುಂಡುಗುಂಡಾಗಿ ಉರುಳುತ್ತದೆ. ಹಾಗಾಗಿ ಅಂಚಿಗೆ ಹೋಗಿ ನಿಂತು ಸೆಲ್ಫಿ ತೆಗೆಯುವ ಜಾಗವಲ್ಲ ಅದು. ಬರಿಗಾಲಲ್ಲಿ ಮರಳು ಎಷ್ಟು ಹಿತವೋ ಚಿರೆಕಲ್ಲು ಅಷ್ಟೇ ಕ್ರೂರ; ಗುಡ್ಡ ಹತ್ತುವ ಮುನ್ನ ಚಪ್ಪಲಿಯ ಪಟ್ಟಿ ಬಿಗಿಯಬೇಕು.

ರಂಪಣಿ ಎಳೆಯುವುದು ಕಣ್ಣಿಗೆ ಬಿದ್ದರೆ ನಡಿಗೆ ನಿಲ್ಲಿಸಬೇಕು. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಮಹಾಬಲೆ, 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಈಗ ಸಿಗುವುದು ಹೆಚ್ಚಾಗಿ ಸಣ್ಣ ಕೈರಂಪಣಿ. ಹಗ್ಗವನ್ನು ದಾಟಿ ಹೋಗಬಾರದು, ಸುತ್ತಿ ಹೋಗಬೇಕು. ಕರೆದರೆ ಹಗ್ಗಕ್ಕೆ ಕೈ ಕೊಡಬೇಕು. ಬಂಗಡೆ ಕೊಟ್ಟರೆ ಬೇಡ ಎನ್ನಬಾರದು.

ಕಾಲ: ನವೆಂಬರಿನಿಂದ ಫೆಬ್ರವರಿ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕಿತ್ತು ಕಡಲೊಳಗಿನ ದಿಬ್ಬಗಳಿಗೆ ಒಯ್ಯುತ್ತವೆ. ಅದು ಮರಳಿ ಬರಲು ದೀಪಾವಳಿ ಕಳೆಯಬೇಕು. ಜೂನಿನಲ್ಲಿ ತೆಗೆದ ಫೋಟೊ ನೋಡಿ ಜನವರಿಯಲ್ಲಿ ಬಂದವನಿಗೆ ತೀರವೇ ಗುರುತು ಸಿಗದಿರಬಹುದು. ಸಾಹಿತ್ಯದ ನಂಟಿರುವವರು ಗೋಕರ್ಣದ ಬದಿಯಲ್ಲೇ ಇರುವ, ಯಶವಂತ ಚಿತ್ತಾಲರ ಹನೇಹಳ್ಳಿಗೆ ಒಂದು ಸುತ್ತು ಹೋಗಿ ಬರಬಹುದು. ಸೂರ್ಯಾಸ್ತದ ವಿಷಯ ಇಲ್ಲಿ ಬರೆಯುವ ಅಗತ್ಯವಿಲ್ಲ. ಅದನ್ನು ನೋಡಲು ನಡೆಯಬೇಕಾಗಿಲ್ಲ, ಬಾಲ್ಕನಿ ಇದ್ದರೆ ಸಾಕು.

ಕುಮಟಾದಲ್ಲಿ ರೈಲು ಹತ್ತಿ ಹೊರಡುವ ಮನಸ್ಸಾಗದವರಿಗೆ ತೆಂಕಕ್ಕೆ ಧಾರೇಶ್ವರ, ಹೊನ್ನಾವರದಲ್ಲಿ ಶರಾವತಿಯ ಅಳಿವೆ, ಅದರಾಚೆ 2020ರಲ್ಲಿ ನೀಲಿ ಬಾವುಟ ಪಡೆದ ಕಾಸರಕೋಡ, ಮುಂದೆ ಮುರ್ಡೇಶ್ವರ, ಭಟ್ಕಳ. ಉಡುಪಿ ಜಿಲ್ಲೆಗೆ ಬಂದ ಮೇಲೆ ಕಡಲ್ಕೊರೆತಕ್ಕೆ ಸುರಿದ ಬಂಡೆಗೋಡೆಗಳು ಹಲವೆಡೆ ದಂಡೆಯನ್ನೇ ಮುಚ್ಚಿವೆ. ಅಂಥ ಕಡೆ ಬಸ್ಸು ಹತ್ತುವುದು ಜಾಣತನ. ಮರವಂತೆಯಲ್ಲಿ ಕಾರು ನಿಲ್ಲಿಸಿ, ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು ಎಂದು ಹೆದ್ದಾರಿಯ ಮೇಲೆ ವಿಡಿಯೊ ಮಾಡುವವರು ಆ ನದಿ ಕಡಲಿಗೆ ಸೇರುವುದು ಎಲ್ಲಿ ಎಂದು ವಿಚಾರಿಸುವುದಿಲ್ಲ. ಕಡಲಿನ ಮಗ್ಗುಲಿಗೆ ಬಂದೂ ಒಳಗೆ ಇಳಿಯದೆ, ಅದು ತೆಂಕಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ. ಅಲ್ಲಿ ಐದು ಹೊಳೆಗಳು ಕೂಡಿ ಒಂದೇ ಅಳಿವೆ. ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ಎದುರಿಗೇ ಕಾಣುತ್ತದೆ, ರಸ್ತೆ ಹಿಡಿದರೆ ತ್ರಾಸಿ, ಹೆಮ್ಮಾಡಿ ಬಳಸಿ ಬರಬೇಕು. ದೋಣಿ ಸಿಗುತ್ತದೆಯೇ ಎಂದು ಬಂದರಿನಲ್ಲಿ ಕೇಳಿ ನೋಡಿ. ಕೇಳುವ ಮೊದಲು ಲಂಗರಿನಲ್ಲಿರುವ ದೋಣಿಗಳು ಯಾವ ಕಡೆ ಮೂತಿ ಮಾಡಿವೆ ನೋಡಿಕೊಂಡರೆ, ದೋಣಿಯವರು ಈಗ ಹೊರಡುತ್ತಾರೋ ಇನ್ನೊಂದು ಗಂಟೆ ಕಾಯಿಸುತ್ತಾರೋ ಎಂಬುದು ಗೊತ್ತಾಗಬಹುದು.