ಬಾಯಿ ಕೆಟ್ಟ ದಿನಗಳ ಅಡುಗೆ

ಸೀಮಂತದ ಊಟವನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹೋಳಿಗೆ, ಚಿತ್ರಾನ್ನ, ಎಲೆಯ ಸುತ್ತ ಬೆಳ್ಳಿ ಬಟ್ಟಲು. ಅದನ್ನು ಮೆಚ್ಚಲು ನಾಲಿಗೆಯೂ ಬೇಡ, ಕಣ್ಣಿದ್ದರೆ ಸಾಕು. ನನ್ನ ಪ್ರೀತಿ ಇರುವುದು ಅದಕ್ಕೂ ಬಹಳ ಮೊದಲಿನ ಅಡುಗೆಯ ಮೇಲೆ. ತಿಂಗಳು ತಪ್ಪಿದ್ದು ಮನೆಯೊಳಗಷ್ಟೇ ಗೊತ್ತಾಗಿರುತ್ತದೆ. ಒಗ್ಗರಣೆ ಸಿಡಿದರೆ ಹೊಟ್ಟೆ ತೊಳಸುತ್ತದೆ, ನಿನ್ನೆಯವರೆಗೆ ಇಷ್ಟವಿದ್ದ ಹುಳಿಯನ್ನು ಇವತ್ತು ಕಂಡರಾಗದು. "ಬಾಯಿ ಕೆಟ್ಟಿದೆ ಕಣಮ್ಮಾ" ಎಂದು ಮುಖ ತಿರುಗಿಸುವ ಬಸುರಿಯ ಗಂಟಲಲ್ಲಿ ನಾಲ್ಕು ತುತ್ತು ಇಳಿಯುವಂತೆ ಮಾಡುವುದಿದೆಯಲ್ಲ, ಅಡುಗೆಯಲ್ಲಿ ಅದಕ್ಕಿಂತ ನಾಜೂಕಿನ ಕೆಲಸ ಇನ್ನೊಂದಿಲ್ಲ. ಹಳೇ ಮೈಸೂರಿನ ಮತ್ತು ಮಲೆನಾಡಿನ ಅಡುಗೆಮನೆಗಳು ಇದರಲ್ಲಿ ಚೆನ್ನಾಗಿ ಪಳಗಿದವು.

ಮೊದಲು ಹುರಿಹಿಟ್ಟಿನ ವಿಷಯ. ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, ನೀರು ಮಜ್ಜಿಗೆ ಚಿಮುಕಿಸಿ, ತೇವ ಕಾಳಿನ ಒಳಗೆ ಇಳಿಯಲೆಂದು ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬೆಳಿಗ್ಗೆ ನೆರಳಲ್ಲಿ ಹರವಿದರೆ ಮೇಲಿನ ಪಸೆ ಮಾತ್ರ ಆರಬೇಕು, ಒಳಗಿನದು ಉಳಿಯಬೇಕು. ದಪ್ಪ ತಳದ ಬಾಣಲೆಯಲ್ಲಿ ಮರಳು ಚೆನ್ನಾಗಿ ಕಾದಿರಲಿ. ಒಂದು ಹಿಡಿ ರಾಗಿ ಎರಚಿ ಬಟ್ಟೆ ಸುತ್ತಿದ ಕೋಲಿನಲ್ಲಿ ತಿರುವಿದರೆ ಮೊದಲಿಗೆ ಏನೂ ಆಗುವುದಿಲ್ಲ. ಆಮೇಲೆ ಒಂದು ಚಟ್. ತುಸು ಬಿಟ್ಟು ಇನ್ನೊಂದು. ಅಷ್ಟರಲ್ಲಿ ಇಡೀ ಬಾಣಲೆಗೆ ಜೀವ ಬಂದು, ಕೆಂಗಪ್ಪು ಕಾಳೆಲ್ಲ ಬಾಯಿಬಿಟ್ಟು, ಬೆಳ್ಳಗೆ, ಹಗುರವಾಗಿ, ಬಿಸಿ ಮರಳಿನ ಮೇಲೆ ಅರಳಿ ಕುಣಿಯುತ್ತವೆ. ಒಳಗಿನ ತೇವ ಆವಿಯಾಗಿ ಸಿಪ್ಪೆ ಸೀಳುವ ಆ ಅರೆಗಳಿಗೆಯಲ್ಲೇ ಒಳಗಿನ ಹಿಟ್ಟು ಬೆಂದುಬಿಟ್ಟಿರುತ್ತದೆ. ಮರಳು ಜರಡಿ ಹಿಡಿದು, ಕೇರಿ, ಬೀಸಿದರೆ ಸಿಗುವ ಪುಡಿ ತಿಳಿ ಬೂದುಬಣ್ಣದ್ದು. ಬೆರಳ ನಡುವೆ ತಿಕ್ಕಿದರೆ ರೇಷ್ಮೆಯ ನುಣುಪು, ಆದರೆ ಕೊನೆಯಲ್ಲಿ ಒಂದಿಷ್ಟು ತರಿ.

ಈ ಹಿಟ್ಟನ್ನು ಮತ್ತೆ ಒಲೆಯ ಮೇಲಿಡಬೇಕಾಗಿಲ್ಲ. ಬಸುರಿಗೆ ಇದು ಒಗ್ಗುವ ಗುಟ್ಟೂ ಅದರಲ್ಲೇ ಇದೆ. ವಾಕರಿಕೆ ಸಾಮಾನ್ಯವಾಗಿ ಒಂಬತ್ತು-ಹತ್ತನೇ ವಾರದಲ್ಲಿ ತುದಿಗೇರುತ್ತದೆ, ಆಗ ಶತ್ರು ಎಂದರೆ ಬಿಸಿ ಅಡುಗೆಯ ಘಮ. ಕಾಯಿಸಿ ಆರಿಸಿದ ಹಾಲಿಗೆ ಎರಡು ಚಮಚ ಹುರಿಹಿಟ್ಟು, ಪುಡಿ ಬೆಲ್ಲ, ಹಸಿ ಕಾಯಿತುರಿ, ಬೆರಳ ತುದಿಯಷ್ಟು ತುಪ್ಪ ಹಾಕಿ ಕಲಸಿದರೆ ಮೂಗಿಗೆ ತಾಕುವಂಥದ್ದು ಏನೂ ಇಲ್ಲ. ಸುವಾಸನೆ ಇರುವುದು ಬಾಯಿಗೆ ಹೋದ ಮೇಲೆ. ಹುರಿದ ಕಾಳಿನ ಬೆಚ್ಚನೆಯ ಒಗರು ಮೊದಲು, ಬೆಲ್ಲ ಆಮೇಲೆ, ಅಗಿಯುತ್ತ ಅಗಿಯುತ್ತ ಕಾಯಿಯ ಹಾಲು. ಸಿಹಿ ಬೇಡವೆನ್ನುವವಳಿಗೆ ಅದೇ ಹಿಟ್ಟಿಗೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಮೀರಿದ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಡಬ್ಬಿಯ ಪುಡಿಗಳ ಮೇಲೆ ಗುಂಡು ಗುಂಡಾದ ಮಗುವಿನ ಚಿತ್ರ ಇರುತ್ತದೆ, ಹುರಿಹಿಟ್ಟಿನ ಡಬ್ಬಿಯ ಮೇಲೆ ಏನೂ ಇರುವುದಿಲ್ಲ. ನಾನು ಯಾವುದರ ಕಡೆ ಎಂದು ಹೇಳಬೇಕಾಗಿಲ್ಲ.

ಎರಡು ಚಮಚ ಎಂದದ್ದಕ್ಕೆ ಹಿರಿಯರು ಹುಬ್ಬೇರಿಸಬಹುದು. "ಎರಡು ಜೀವ, ಇನ್ನೊಂದು ಮುದ್ದೆ ತಿನ್ನು" ಎಂಬ ಪ್ರೀತಿಯ ಬಲವಂತ ಎಲ್ಲ ಮನೆಯಲ್ಲೂ ಇದ್ದದ್ದೇ. ಹನ್ನೆರಡನೇ ವಾರದ ಕೂಸಿನ ತೂಕ ಸುಮಾರು 14 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ತುಪ್ಪದಷ್ಟು. ಅದಕ್ಕೆಂದು ಇನ್ನೊಂದು ಮುದ್ದೆ ಯಾಕೆ? ಮೊದಲ ಮೂರು ತಿಂಗಳಲ್ಲಿ ತಾಯಿಯ ತೂಕ ಅರ್ಧ ಕೆ.ಜಿ.ಯಿಂದ 2 ಕೆ.ಜಿ.ವರೆಗೆ ಏರಿದರೆ ಧಾರಾಳ. ವಾಂತಿಯಿಂದ ಒಂದಿಷ್ಟು ಇಳಿಯುವವರೂ ಉಂಟು, ಅದೂ ಆಮೇಲೆ ತುಂಬಿಕೊಳ್ಳುತ್ತದೆ. ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೊರಡಬೇಕು. ದಿನಕ್ಕೆ 350 ಕ್ಯಾಲೊರಿಯಷ್ಟು ಹೆಚ್ಚು ಉಣ್ಣುವ ಕಾಲ ಬರುವುದು ನಾಲ್ಕನೇ ತಿಂಗಳಿಂದ ಆಚೆಗೆ, ಹಸಿವು ತಾನಾಗಿ ಮರಳಿದಾಗ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ರುಚಿಯಾಗಿ. ಬಟ್ಟಲು ಚಿಕ್ಕದಾದಷ್ಟೂ ಅದರೊಳಗಿನದು ಚೊಕ್ಕವಾಗಿರಬೇಕಲ್ಲ, ರಸಿಕರಿಗೆ ಸಂತೋಷ ಅಲ್ಲಿ.

ಅಂಥ ಚೊಕ್ಕತನಕ್ಕೆ ಉಪ್ಸಾರನ್ನು ಮೀರಿಸುವುದು ಯಾವುದಿದೆ? ಮಂಡ್ಯದ ಕಡೆಯವರ ಮುಂದೆ ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ತಟ್ಟೆ ಬರುತ್ತದೆ. ಹೆಸರುಕಾಳೋ ಅಲಸಂದೆಯೋ ಅರೆಬೆಂದಾಗ ದಂಟಿನ ಸೊಪ್ಪನ್ನು ಹಾಕಿ, ಉಪ್ಪು ಬೆರೆಸಿ ಕುದಿಸಿ, ಕಟ್ಟನ್ನು ಬಸಿಯುತ್ತಾರೆ. ತಿಳಿಯಾದ, ತುಸು ಹಸಿರು ಹೊಳಪಿನ, ಎಣ್ಣೆಯ ಹನಿಯೂ ಇಲ್ಲದ ಸಾರು. ಕಾಳು ಸೊಪ್ಪು ಪಲ್ಯವಾಗಿ ಪಕ್ಕಕ್ಕೆ ಹೋಗುತ್ತದೆ. ಖಾರ ಬೇರೆಯೇ: ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಎಲ್ಲ ಕಲ್ಲಿನ ಮೇಲೆ ಅರೆದ ಉಂಡೆ. ಅದು ತಟ್ಟೆಯ ಅಂಚಿನಲ್ಲಿ ಕೂತಿರುತ್ತದೆ, ಎಷ್ಟು ಕದಡಿಕೊಳ್ಳಬೇಕೆಂಬುದು ಉಣ್ಣುವವಳ ಇಷ್ಟ. ಇವತ್ತು ಹುಳಿ ಜಾಸ್ತಿ ಬೇಕು, ನಾಳೆ ಖಾರದ ವಾಸನೆಯೇ ಬೇಡ ಎನ್ನುವ ನಾಲಿಗೆಗೆ ಇಷ್ಟು ಮರ್ಯಾದೆ ಕೊಡುವ ಸಾರು ಬೇರೆ ನಾನು ಕಂಡಿಲ್ಲ.

ಸೊಪ್ಪಿನಲ್ಲೂ ಕಾಳಿನಲ್ಲೂ ಇರುವ ಫೋಲೇಟ್ ಎಂಬ ಜೀವಸತ್ವ ನೀರಿಗೆ ಬಿಟ್ಟುಕೊಳ್ಳುವ ಸ್ವಭಾವದ್ದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಒಂದು ಪಾಲು ಮೋರಿಗೆ ಹೋಯಿತು. ಉಪ್ಸಾರಿನಲ್ಲಿ ಆ ನೀರೇ ಊಟ! ಈ ಫೋಲೇಟಿಗೊಂದು ಚಂದದ ಹಿನ್ನೆಲೆಯೂ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಯ ಬೆನ್ನು ಹತ್ತಿ, ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಬರೆದರು. ಅದರೊಳಗಿನ ವಸ್ತು ಯಾವುದೆಂದು ಆಗ ಯಾರಿಗೂ ತಿಳಿಯದು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಹಿಂಡಿ ಅದನ್ನು ಬೇರ್ಪಡಿಸಿದರು. ನಾಲ್ಕು ಟನ್! ಅಷ್ಟು ಸೊಪ್ಪಿಗೆ ಎಂಥ ಉಪ್ಸಾರಾಗುತ್ತಿತ್ತು ಎಂದು ನಾನು ಯೋಚಿಸುವುದುಂಟು. ಫೋಲೇಟ್ ಬೇಡುವ, ಕೂಸಿನ ಬೆನ್ನುಹುರಿಯಾಗುವ ಕೊಳವೆ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದಾದ್ದರಿಂದ ವೈದ್ಯರು ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆಗೆ ಸಾರು ಬದಲಿಯಲ್ಲ. ಮಾತ್ರೆ ನುಂಗಿ, ಸಾರು ಸವಿಯಿರಿ.

ಉತ್ತರ ಕರ್ನಾಟಕದ ಕಟಕ ರೊಟ್ಟಿಯನ್ನು ಮರೆತರೆ ಅಲ್ಲಿಯ ಗೆಳೆಯರು ಬಿಡುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಣಗಿದ ಏನಾದರೂ ಬಾಯಿಗೆ ಹಾಕಿಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಅದಕ್ಕೆ ಬಿಸ್ಕತ್ತಿಗಿಂತ ಗರಿಗರಿ ಜೋಳದ ರೊಟ್ಟಿಯ ಚೂರು ಎಷ್ಟೋ ಮೇಲು. ಜತೆಗೆ ಶೇಂಗಾ ಹಿಂಡಿ ಸೇರಿದರಂತೂ ಏಳುವ ಮನಸ್ಸೇ ಬಾರದು.

ಇನ್ನು ಶುಂಠಿ ತಂಬುಳಿ. ಮಲೆನಾಡಿನವರು ಇದನ್ನು ಮಾಡುವುದು ನೋಡಿದರೆ ಅಡುಗೆಯೇ ಅಲ್ಲವೇನೋ ಅನ್ನಿಸುತ್ತದೆ, ಅಷ್ಟು ಸಲೀಸು. ಹಸಿ ಶುಂಠಿಯ ತುಂಡು, ಜೀರಿಗೆ, ನಾಲ್ಕು ಕಾಳು ಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಹುಳಿಯಿಲ್ಲದ ತಾಜಾ ಮಜ್ಜಿಗೆಗೆ ಕದಡುತ್ತಾರೆ. ಕುದಿಸುವಂತಿಲ್ಲ. ವಾಕರಿಕೆಗೆ ಶುಂಠಿ ಒಳ್ಳೆಯದೆಂದು ಈಗ ವೈದ್ಯರೂ ಒಪ್ಪುತ್ತಾರೆ. ಆದರೆ ತಂಬುಳಿಯಲ್ಲಿ ಅದು ಮದ್ದಿನ ಮುಖ ಹೊತ್ತು ಬರುವುದಿಲ್ಲ. ಮಜ್ಜಿಗೆಯ ತಂಪು ಮೊದಲು ನಾಲಿಗೆಯನ್ನು ಸಮಾಧಾನ ಮಾಡುತ್ತದೆ, ಕಾಯಿ ಅದರ ಮೇಲೆ ತೆಳ್ಳಗೆ ಒಂದು ಪದರ ಹಾಸುತ್ತದೆ, ಗುಟುಕು ಗಂಟಲಿಗಿಳಿದ ಮೇಲೆ ನಿಧಾನವಾಗಿ, ಎಲ್ಲೋ ಆಳದಿಂದ, ಶುಂಠಿಯ ಬಿಸುಪು ಏರುತ್ತದೆ. ಮೆತ್ತಗೆ ಬೆಂದ ಅನ್ನ ಬೆಚ್ಚಗಿರುವಾಗ ಕಲಸಿಕೊಳ್ಳಬೇಕು, ಹೊಗೆಯಾಡುವಾಗ ಅಲ್ಲ. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿಯಬಹುದು. ಉಳಿಯುವುದು ಮಾತ್ರ ಕಷ್ಟ. ಬಸುರಿಗೆಂದು ಮಾಡಿದ್ದಕ್ಕೆ ಮನೆಯವರೆಲ್ಲ, ಬಂದ ನೆಂಟರಾದ ನನ್ನಂಥವರೂ, ಲೋಟ ಹಿಡಿದು ನಿಲ್ಲುತ್ತಾರೆ. ಆದ್ದರಿಂದ ಅರೆಯುವಾಗಲೇ ಇನ್ನೊಂದು ಹೋಳು ಕಾಯಿ ಹೆಚ್ಚಿಗೆ ಹಾಕಿಬಿಡಿ.