ಸಾವಿರ ಕಂಬಗಳ ಮೇಲೊಂದು ಮಾಡು

ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು ಜನ ಸಾವಿರ ಕಂಬದ ಬಸದಿಯೆಂದು ಕರೆದರು. ಈ ಹೆಸರು ಕಟ್ಟಡಕ್ಕೆ ಕೀರ್ತಿಯನ್ನು ತಂದಂತೆಯೇ ಒಂದು ಅನ್ಯಾಯವನ್ನೂ ಮಾಡಿದೆ. ಬಂದವರು ಕಂಬಗಳನ್ನು ಎಣಿಸತೊಡಗುತ್ತಾರೆ. ಒಂದರಂತೆ ಇನ್ನೊಂದಿಲ್ಲವೆಂಬ ಮಾತನ್ನು ಪರೀಕ್ಷಿಸುತ್ತಾರೆ. ತಲೆಯೆತ್ತಿ ಮಾಡನ್ನು ನೋಡುವವರು ಕಡಮೆ. ಬಸದಿಯ ನಿಜವಾದ ಹಿರಿಮೆಯಿರುವುದು ಆ ಮಾಡಿನಲ್ಲಿ ಎಂಬುದು ನನ್ನ ಅಭಿಪ್ರಾಯ.

1430ರಲ್ಲಿ, ವಿಜಯನಗರದ ಆಳಿಕೆಯ ಕಾಲದಲ್ಲಿ, ಚಂದ್ರನಾಥ ತೀರ್ಥಂಕರನಿಗಾಗಿ ಎದ್ದ ಕಟ್ಟಡವಿದು. ಮುಂದಿನ ಮಂಟಪಗಳೂ ಮಾನಸ್ತಂಭವೂ ಅದಕ್ಕೆ ಸೇರಿ ಪರಿವಾರವಾದವು. ಹದಿನೆಂಟು ಬಸದಿಗಳ ಈ ಜೈನಕಾಶಿಯಲ್ಲಿ ಇದೇ ಹಿರಿಯದು. ಕೆಳಗಿನ ಅಂತಸ್ತು ಕಲ್ಲಿನದು. ಮೇಲೇರಿದಂತೆ ಕಲ್ಲು ಮರಕ್ಕೆ ಎಡೆಗೊಡುತ್ತದೆ. ಮೂರು ಅಂತಸ್ತಿನ ಇಳಿಜಾರು ಮಾಡುಗಳು ಒಂದರ ಮೇಲೊಂದು ಕಿರಿದಾಗುತ್ತ ಏರುತ್ತವೆ. ಬೇಲೂರಿನ ನಕ್ಷತ್ರ ವಿನ್ಯಾಸವಾಗಲಿ, ಹಂಪೆಯ ಗೋಪುರವಾಗಲಿ ಇಲ್ಲಿಲ್ಲ.

ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪದ ಇತಿಹಾಸದಲ್ಲಿ ಈ ರೂಪಕ್ಕೆ ಹೋಲಿಕೆ ಹುಡುಕುತ್ತ ನೇಪಾಳದವರೆಗೆ ಹೋದನು. ಈ ಶೈಲಿ ಮರದ ಕಟ್ಟಡದಿಂದ ಬಂದುದೆಂಬುದನ್ನು ಅವನ ಚುರುಕಾದ ಕಣ್ಣು ಗುರುತಿಸಿತ್ತು. ಆದರೆ ನೇಪಾಳದ ಹೋಲಿಕೆಯನ್ನೇ ಹಿಡಿದುಕೊಂಡ ಮುಂದಿನವರು ನಮ್ಮ ಬಸದಿಯನ್ನು ಎಲ್ಲಿಂದಲೋ ಬಂದ ಅತಿಥಿಯನ್ನಾಗಿ ಮಾಡಿಬಿಟ್ಟರು.

ಅಷ್ಟು ದೂರ ಹೋಗಬೇಕೆ? ನಮ್ಮ ವಾಮದಪದವಿನ ಕಡೆಯ ಹಳೆಯ ಮನೆಗಳನ್ನು ನೋಡಿದರೆ ಸಾಕು. ಮುರಕಲ್ಲಿನ ಗೋಡೆ, ಸುತ್ತ ಜಗಲಿ, ಮರದ ಕಂಬ, ತಗ್ಗಿಗಿಳಿದ ಸೂರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಮನುಷ್ಯನಿಗೆ ಬೇಕಾದ ಕೊಡೆಯೇ ದೇವರಿಗೂ ಬೇಕು. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲೂ ಕಲ್ಲುಚಪ್ಪಡಿಗಳು ಹೀಗೆಯೇ ಇಳಿಜಾರಾಗಿ ಕುಳಿತಿವೆ. ಆದುದರಿಂದ ಇದು ಒಂದು ಮತದ ಶೈಲಿಯಲ್ಲ, ಕರಾವಳಿಯ ಶೈಲಿ. ಹೊರನಾಡಿನ ಪರಿಚಯ ನಮ್ಮ ಶಿಲ್ಪಿಗಿರಲಿಲ್ಲವೆಂದಲ್ಲ. ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆಯೂ ಚೀನದ ಡ್ರ್ಯಾಗನ್ನೂ ಇವೆ. ಕಡಲ ವ್ಯಾಪಾರ ತಂದ ಬೆರಗನ್ನು ಅವನು ಪಟ್ಟಿಕೆಯಲ್ಲಿ ಕೆತ್ತಿದನು. ಮಾಡನ್ನು ಮಾತ್ರ ತನ್ನ ಮನೆಯಿಂದಲೇ ತಂದನು.

ದೋಷವನ್ನೂ ಹೇಳಬೇಕು. ಒಳಮಂಟಪಗಳಲ್ಲಿ ಕಂಬಗಳು ಒಂದರೊಡನೊಂದು ಪೈಪೋಟಿಗಿಳಿದಂತಿವೆ. ಬಳ್ಳಿ, ಸರಪಳಿ, ಗಂಟುಗಳ ಕೆತ್ತನೆಯಲ್ಲಿ ಕೌಶಲ ಹೆಚ್ಚಾಗಿ ಸಂಯಮ ಸೊರಗಿದೆ. ಎಲ್ಲವನ್ನೂ ತೊರೆದ ತೀರ್ಥಂಕರನ ಕಡೆಗೆ ನಡೆಯುವವನನ್ನು ಹೆಜ್ಜೆಹೆಜ್ಜೆಗೂ ಆಭರಣ ತಡೆದು ನಿಲ್ಲಿಸುತ್ತದೆ. ಆ ಕಂಬಗಳು ದಾನಿಗಳ ಸಂಪತ್ತನ್ನು ಸಾರುತ್ತವೆ. ಹೊರಗಿನ ಮಾಡು ನಾಡಿನ ವಿವೇಕವನ್ನು ಸಾರುತ್ತದೆ.

ಅರ್ಮೇನಿಯದ ಬೆಟ್ಟಗಳಲ್ಲಿ 10ನೆಯ ಶತಮಾನದ ಹಾಘ್ಪಟ್ ಮಠವಿದೆ. ಅಲ್ಲಿಯೂ ಪ್ರಾರ್ಥನಾಮಂದಿರದ ಜೊತೆಗೆ ಗ್ರಂಥಭಂಡಾರಕ್ಕೆ ಕಟ್ಟಡವಿದೆ. ಮೂಡುಬಿದಿರೆಯ ಮಠ-ಬಸದಿಗಳೂ ಇಂಥದೇ ಕೆಲಸ ಮಾಡಿದವು. ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಧವಳಾ ಟೀಕೆಯ ತಾಳೆಗರಿ ಪ್ರತಿಗಳು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದುದರಿಂದಲೇ 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಆ ಗ್ರಂಥ ಅಚ್ಚಾಗಿ ಹೊರಬರುವುದು ಸಾಧ್ಯವಾಯಿತು. ಈ ಮಳೆಯಲ್ಲಿ, ಈ ಗೆದ್ದಲಿನ ನೆಲದಲ್ಲಿ ತಾಳೆಗರಿ ಶತಮಾನಗಳನ್ನು ದಾಟಬೇಕಾದರೆ ಭಕ್ತಿಯೊಂದೇ ಸಾಲದು. ಸೋರದ ಮಾಡೂ ಬೇಕು.

ಇಂದು ಜೀರ್ಣೋದ್ಧಾರದ ಹೆಸರಿನಲ್ಲಿ ಕರಾವಳಿಯ ಎಷ್ಟೋ ಗುಡಿಗಳು ಚಪ್ಪಟೆ ಕಾಂಕ್ರೀಟನ್ನು ಹೊದ್ದುಕೊಳ್ಳುತ್ತವೆ. ಅದು ಸೋರತೊಡಗಿದಾಗ ಮೇಲೆ ತಗಡು ಏರುತ್ತದೆ. ಆರು ಶತಮಾನಗಳ ಹಿಂದೆಯೇ ಬಗೆಹರಿದ ಸಮಸ್ಯೆಯನ್ನು ನಾವು ಹಣ ಕೊಟ್ಟು ಮರಳಿ ತಂದುಕೊಂಡಿದ್ದೇವೆ. ಗುಡಿ ಕಟ್ಟಿಸುವ ಮಹನೀಯರು ಮೊದಲು ಒಂದು ಆಷಾಢದ ದಿನ ಮೂಡುಬಿದಿರೆಗೆ ಹೋಗಿಬರಲಿ. ಕಂಬಗಳನ್ನು ಎಣಿಸುವುದು ಬೇಡ; ನೀರು ಹೇಗೆ ಇಳಿದುಹೋಗುತ್ತದೆಂಬುದನ್ನು ನೋಡಿದರೆ ಸಾಕು.